ಕಿರಾಣಿ ಅಂಗಡಿಯಲ್ಲಿ ಖಂಡ್ಯಾನ ಪ್ರವೇಶದ ಪ್ರಶ್ನೆ

ಮೊದಲೇ ಸ್ಪಷ್ಟಪಡಿಸುತ್ತೇನೆ: ನನಗೆ ನಾಯಿಗಳ ಭಯವಿಲ್ಲ. ನಾಯಿ ಇರುವ ಕಡೆ ನಾನು ಹೋಗುವುದಿಲ್ಲ, ಅಷ್ಟೇ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ. ಅವರಿಗೆ ಬದನೆಕಾಯಿಯ ಭಯ ಎಂದು ಯಾರಾದರೂ ಅನ್ನುತ್ತಾರೆಯೇ?

ಆಗ ನಾನು ಇಚಲಕರಂಜಿಯ ಒಂದು ಮಗ್ಗದ ಕಾರ್ಖಾನೆಯಲ್ಲಿ ಕಾರಕೂನನಾಗಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಗೌರಾ ಗಡಹಿಂಗ್ಲಜದವಳು. ಅವಳಪ್ಪ ಹರೆಯದಲ್ಲಿ ಕುಸ್ತಿ ಹಿಡಿದವರು. ಎರಡೂ ಕಿವಿ ಹಿಚುಕಿ ಮುದ್ದೆಯಾಗಿದ್ದವು. ಹೆಣ್ಣು ನೋಡಲು ಹೋದಾಗ ಅವರು ನನ್ನ ಓದು ಕೇಳಲಿಲ್ಲ, ನೌಕರಿ ಕೇಳಲಿಲ್ಲ. "ಹುಡುಗ ಧೈರ್ಯವಂತ ಹೌದಿಲ್ಲೋ?" ಎಂದು ಕೇಳಿದರು. ಚಂದಗಡದ ಕಾಡಿನಲ್ಲಿ ಚಿರತೆ ಎದುರಾದ ಪ್ರಸಂಗವನ್ನು ಹೇಳಿದೆ. ಚಿರತೆ ಓಡಿದ್ದು ನಿಜ. ನಾನೂ ಓಡಿದ್ದೆ. ಯಾರು ಯಾವ ದಿಕ್ಕಿಗೆ ಎಂಬ ವಿವರಕ್ಕೆ ಹೋಗಲಿಲ್ಲ!

ನಮ್ಮ ಓಣಿಯ ಬಾಯಲ್ಲೇ ಭರಮಣ್ಣನ ಕಿರಾಣಿ ಅಂಗಡಿ. ಭರಮಣ್ಣ ಜೈನರವನು, ಇರುವೆ ಕಂಡರೂ ಕಾಲೆತ್ತಿ ದಾಟುವ ಮನುಷ್ಯ. ಒಂದು ಮಳೆಗಾಲದಲ್ಲಿ ಖಂಡ್ಯಾ ಎಂಬ ಬೀದಿನಾಯಿ ಅವನ ಅಂಗಡಿಗೆ ನುಗ್ಗಿ, ಬೆಲ್ಲದ ಪೆಂಟೆಗಳಿಗೂ ತಕ್ಕಡಿಗೂ ನಡುವೆ ಮಲಗಿತು. ಮಳೆ ನಿಂತಿತು. ಖಂಡ್ಯಾ ಏಳಲಿಲ್ಲ. ಓಣಿಯ ಜನ ಅದನ್ನು ದಾಟಿ ಹೋಗಿ ಉಪ್ಪು, ಕಾರ ತರುತ್ತಿದ್ದರು. ನಾನು ಮಾತ್ರ ರಸ್ತೆಯಲ್ಲೇ ನಿಂತು ಕೂಗುತ್ತಿದ್ದೆ. ಎರಡೂ ಬದಿಗೆ ಮಗ್ಗಗಳ ಖಟಖಟ. ನಾನು ಜೀರಿಗೆ ಎಂದರೆ ಅವನು ಸಾಸಿವೆ ಕಟ್ಟಿ ಎಸೆಯುತ್ತಿದ್ದ. ಹೇಗೋ ಸಂಸಾರ ನಡೆದಿತ್ತು.

ಅಷ್ಟರಲ್ಲಿ ಮಾವನವರು ಊರಿನಿಂದ ಬಂದರು. ಗೌರಾ ಗಸಗಸೆ ಪಾಯಸ ಮಾಡುತ್ತೇನೆಂದಳು. ನಾನು ಹೋಗಿ ರಸ್ತೆಯಿಂದ ಕೂಗಿ, ಪುಡಿಕೆ ಹಿಡಿದು ತಂದೆ.

"ಏನ್ರೀ, ಇದು ಗಸಗಸಿನ? ಅಗಸಿ ಐತಿ ಇದು! ಅಪ್ಪಗ ಅಗಸಿ ಪಾಯಸ ಕುಡಸ್ಲೇನು?"

ಮಾವನವರು ಮೀಸೆಯೊಳಗೇ ನಕ್ಕರು. "ಒಳಗ ಹೋಗಿ ನೋಡಿ ತರಾಕ ಏನಾಗಿತ್ರಿ, ಅಳಿಯಂದ್ರ?"

"ಒಳಗ ನಾಯಿ ಐತ್ರಿ, ಮಾವಾರ."

ಅವರ ನಗು ನಿಂತಿತು. ಮುದ್ದೆ ಕಿವಿಗಳು ನನ್ನ ಕಡೆ ತಿರುಗಿದವು. ಮಾನ ಹೋಗುವ ಹೊತ್ತು! ತಕ್ಷಣ ಎದೆ ಸೆಟೆಸಿ ಹೇಳಿದೆ: "ಅಂದ್ರ, ಕಾಳುಕಡಿ ಇಡೋ ಜಾಗಾದಾಗ ನಾಯಿ ಇರಬಾರದ್ರಿ! ಇದು ಸಾರ್ವಜನಿಕ ಆರೋಗ್ಯದ ಪ್ರಶ್ನೆ. ಅದು ಇರೂತನಕ ಒಳಗ ಕಾಲಿಡೂದಿಲ್ಲ ಅಂತ ನಂದು ತತ್ತ್ವ ಐತಿ."

ಮಾವನವರ ಮುಖ ಅರಳಿತು. "ಭಾಳ ಛಲೋ ವಿಚಾರ! ಹಂಗಾದ್ರ ನಾಳಿ ಮುಂಜಾನಿ ಓಣಿಯವರನ್ನ ಅಂಗಡ್ಯಾಗ ಕೂಡಸ್ರಿ. ನಾ ಪಂಚ ಆಗಿ ಕೂಡ್ತೇನಿ. ತೀರ್ಮಾನ ಆಗೇಬಿಡ್ಲಿ."

ಆ ರಾತ್ರಿ ತತ್ತ್ವವಿಲ್ಲದ ಜನರನ್ನು ನೆನೆದು ಹೊಟ್ಟೆಕಿಚ್ಚುಪಟ್ಟೆ.

ಮುಂಜಾನೆ ಅಂಗಡಿ ತುಂಬಿತ್ತು. ಮಾವನವರು ಅಕ್ಕಿ ಚೀಲದ ಮೇಲೆ ಅಧ್ಯಕ್ಷರಾಗಿ ಕೂತಿದ್ದರು. ಪ್ರಶ್ನೆಗೆ ಕಾರಣವಾದ ಖಂಡ್ಯಾ ತನ್ನ ಜಾಗದಲ್ಲಿ ಗೊರಕೆ ಹೊಡೆಯುತ್ತಿತ್ತು. ನಾನು ರಸ್ತೆಯಿಂದಲೇ ಭಾಷಣ ಆರಂಭಿಸಿದೆ.

"ಮಾನ್ಯರೇ..."

"ಏನೂ ಕೇಳವಲ್ದು, ಒಳಗ ಬರ್ರಿ!" ಎಂದರು ಎಲ್ಲರೂ.

ಗೌರಾ ನೋಡುತ್ತಿದ್ದಳು. ಮಾವನವರು ನೋಡುತ್ತಿದ್ದರು. ಕಣ್ಣು ಮುಚ್ಚಿ ಒಳಗೆ ಹೋಗಿ ಗೋಡೆಗೆ ಬೆನ್ನು ಅಂಟಿಸಿ ನಿಂತೆ. ಪಕ್ಕದ ಮನೆಯ ಸಖೂಬಾಯಿ, ಮರಾಠಿಯ ಮುದುಕಿ, ಮೊದಲೇ ತಗಾದೆ ತೆಗೆದಳು: "ಅಹೋ, ಕುತ್ರಂ ಕಾಯ ಕರತಂಯ ತುಮ್ಹಾಲಾ? ಗಪ್ ಪಡಲಂಯ ಬಿಚಾರಂ!" ಸುಮ್ಮನೆ ಬಿದ್ದುಕೊಂಡಿರುವ ಬಡಪಾಯಿ ನಿಮಗೇನು ಮಾಡಿದೆ ಎಂದು.

ಭರಮಣ್ಣ ಕೈ ಮುಗಿದ. "ಅದೂ ಒಂದು ಜೀವ ಐತ್ರಿ. ಗಿರಾಕಿ ಬರ್ತಾರ, ಇಲಿ ಬರ್ತಾವ, ಅದೂ ಬರ್ತೈತಿ. ಯಾರಿಗೆ ಬ್ಯಾಡ ಅನ್ಲಿ?"

ನಾನು ಬಿಡಲಿಲ್ಲ. ಮಾತಾಡುತ್ತ ಆಡುತ್ತ ಆವೇಶ ಬಂತು. ಕೊಲ್ಲಾಪುರದ ದೊಡ್ಡ ಅಂಗಡಿಗಳ ಉದಾಹರಣೆ ಕೊಟ್ಟೆ. ನಾನು ಅವುಗಳನ್ನು ನೋಡಿರಲಿಲ್ಲ, ಕೇಳುವವರೂ ನೋಡಿರಲಿಲ್ಲ. ಜನ ತಲೆದೂಗತೊಡಗಿದರು. ಭರಮಣ್ಣನೇ ಸ್ವಲ್ಪ ಕರಗಿದಂತೆ ಕಂಡ. ಗೆಲುವು ಹತ್ತಿರ ಬಂದಿತ್ತು! "ಆದ್ದರಿಂದ ನಾಯಿಗೆ ಇಲ್ಲಿ ಜಾಗವಿಲ್ಲ!" ಎಂದು ಪಕ್ಕದಲ್ಲಿದ್ದ ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿದೆ.

ಖಂಡ್ಯಾ ಎದ್ದಿತು.

ಆಕಳಿಸಿತು. ಆ ಬಾಯಲ್ಲಿ ಎಷ್ಟು ಹಲ್ಲು! ಬಾಲ ಅಲ್ಲಾಡಿಸುತ್ತ ನನ್ನ ಕಡೆಗೇ ಬಂತು. ಬಾಲ ಅಲ್ಲಾಡಿಸಿದರೆ ಪ್ರೀತಿ ಎನ್ನುತ್ತಾರೆ. ಇರಬಹುದು. ಆದರೆ ಬಾಲ ಇರುವುದು ಹಿಂದೆ, ಹಲ್ಲು ಇರುವುದು ಮುಂದೆ!

ನಾನು ಬೆಲ್ಲದ ಪೆಂಟೆಯ ಮೇಲೆ ಹತ್ತಿದೆ. ಅಲ್ಲಿಂದ ಮೆಣಸಿನಕಾಯಿ ಚೀಲಕ್ಕೆ ಜಿಗಿದೆ. ಚೀಲ ಮಗುಚಿತು, ಸಭೆಯ ಸದಸ್ಯರೆಲ್ಲ ಏಕಕಾಲಕ್ಕೆ ಸೀನಿದರು. ಅಧ್ಯಕ್ಷರೂ ಸೀನಿದರು. ಮುಂದಿನ ಹೆಜ್ಜೆ ಶೇಂಗಾ ಎಣ್ಣೆಯ ಡಬ್ಬಿಯ ಮೇಲೆ. ಅದರ ಮೇಲ್ಭಾಗದ ತಗಡನ್ನು ಕತ್ತರಿಸಿ ಒಳಗೆ ಮಡಚಿದ್ದರು. ಕಾಲು ಸುಸೂತ್ರವಾಗಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

"ಅಯ್ಯ! ಎಣ್ಣಿ!" ಎಂದ ಭರಮಣ್ಣ. ನನ್ನ ಕಾಲಿನ ಮಾತು ಯಾರೂ ಎತ್ತಲಿಲ್ಲ.

ಡಬ್ಬಿ ಸಮೇತ ರಸ್ತೆಗೆ ಓಡಿದೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಡಬ್ಬಿ. ಚಪ್, ಢಣ್, ಚಪ್, ಢಣ್! ಖಂಡ್ಯಾ ಇಂಥ ಆಟ ಹುಟ್ಟಾ ಕಂಡಿರಲಿಲ್ಲ. ಬೊಗಳುತ್ತ ಬೆನ್ನು ಹತ್ತಿತು. ಈ ವಿವಾದಕ್ಕೆ ಸಂಬಂಧವೇ ಇಲ್ಲದ ಬೇರೆ ಓಣಿಯ ನಾಯಿಗಳೂ ಬಂದು ಸೇರಿದವು. ಮೂಲೆಯಲ್ಲಿ ಒಂದು ಬಸ್ಸು ಹೊರಡುತ್ತಿತ್ತು. ಎಲ್ಲಿಗೆ ಎಂದು ಕೇಳದೆ ಹತ್ತಿಬಿಟ್ಟೆ.

ಕಂಡಕ್ಟರ್ ನನ್ನ ಮುಖ ನೋಡಿದ, ಕಾಲು ನೋಡಿದ. "ಪಾವ್ಹಣಂ, ಸಾಮಾನಾಚಂ ತಿಕೀಟ ಘ್ಯಾ!"

"ಇದು ಸಾಮಾನ ಅಲ್ರಿ, ಕಾಲು!"

ಅವನು ಕೇಳಲಿಲ್ಲ. ನನಗೊಂದು, ಡಬ್ಬಿಗೊಂದು ಟಿಕೆಟ್ ಹರಿದ. ಬಸ್ಸು ಕಾಗಲಕ್ಕೆ ಹೋಗುತ್ತಿತ್ತು. ಆದ್ದರಿಂದ ನಾನೂ ಕಾಗಲಕ್ಕೆ ಹೋದೆ.

ಕಾಗಲದಲ್ಲಿ ಹೆದ್ದಾರಿಯ ಪಕ್ಕ ಟ್ರಕ್ ರಿಪೇರಿ ಮಾಡುವವನ ಮುಂದೆ ಕಾಲು ಚಾಚಿ ಕೂತೆ. ಅವನು ಡಬ್ಬಿಯನ್ನು ತಟ್ಟಿ ನೋಡಿ, "ಯಾವ ಗಾಡೀದ್ರಿ ಇದು?" ಎಂದು ಕೇಳಿದ. ನಾನು ಮೊಣಕಾಲು ತೋರಿಸಿದೆ. ಅವನು ಕತ್ತರಿಯಿಂದ ತಗಡು ಕತ್ತರಿಸಿ ಕಾಲನ್ನು ಬಿಡುಗಡೆ ಮಾಡಿದ. ಕಾಲು ಎಣ್ಣೆಯಲ್ಲಿ ಮಿಂದು ಮದುಮಗನ ಹಾಗೆ ಹೊಳೆಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ, ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದೆ. ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಗೌರಾ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಚಿರತೆಯ ಪ್ರಸಂಗವನ್ನು ಇಬ್ಬರೂ ಮತ್ತೊಮ್ಮೆ ಪರಿಶೀಲಿಸಿದ್ದಾರೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಆದರೂ ಗಾಂಭೀರ್ಯ ಬಿಡದೆ ಕೇಳಿದೆ: "ಸಭಾ ಏನಾತ್ರಿ, ಮಾವಾರ?"

"ಮುಗೀತು. ನಾಯಿ ಬಂದು ಒಂದು ಮಳಿಗಾಲ ಕಳೀತು, ಒಂದು ಕಾಳು ಚೆಲ್ಲಿಲ್ಲ. ಈ ಮನಷ್ಯಾ ಬಂದು ಒಂದು ತಾಸು ಆಗಿಲ್ಲ, ಅರ್ಧಾ ಅಂಗಡಿ ಚೆಲ್ಲಿದ, ಅಂತ ಭರಮಣ್ಣ ಹೇಳಿದ. ನನಗೂ ಖರೇ ಅನಸ್ತು. ಕೈ ಎತ್ತಸ್ದೆ. ಖಂಡ್ಯಾ ಒಳಗ ಇರಬೇಕು, ನೀವು ಹೊರಗ ಇರಬೇಕು ಅಂತ ಆತು."

"ಎಲ್ಲಾರೂ ಕೈ ಎತ್ತಿದ್ರೇನ್ರಿ?"

"ಎಲ್ಲಾರೂ."

ಗೌರಾಳ ಕಡೆ ನೋಡಿದೆ. ಎಷ್ಟಾದರೂ ಕೈಹಿಡಿದವಳು. "ನೀನೂ?"

"ನಾ ಎರಡೂ ಎತ್ತಿದ್ನಿ ನೋಡ್ರಿ!" ಎಂದಳು.

ಹೀಗೆ ನಾಯಿಯ ವಿರುದ್ಧ ಒಂದೂ ಮತ ಬೀಳಲಿಲ್ಲ. ಬೀಳಬಹುದಾಗಿದ್ದದ್ದು ಒಂದೇ ಒಂದು. ಅದು ಆ ಹೊತ್ತಿಗೆ ಡಬ್ಬಿಯಲ್ಲಿ ಕಾಲಿಟ್ಟುಕೊಂಡು ಕಾಗಲದಲ್ಲಿ ಕೂತಿತ್ತು.