ಬರ್ಫದ ಪೆಟ್ಟಿಗೆಯ ದೀಪಕ್ಕೆ ಕುಸುಬಿ ಎಣ್ಣೆ ಹಾಕದಿರುವ ಬಗ್ಗೆ

ಕಾರ್ಯಾಲಯ, ರೋಣ
ಸಂಖ್ಯೆ: ಬರ್ಫ/ಅಡಿಗೆಮನೆ/3/1954
ತಾರೀಖು: 19ನೇ ಮೇ 1954

ಸುತ್ತೋಲೆ

ವಿಷಯ: ಅಧಿಕಾರಿಗಳ ವಸತಿಗೃಹದ ಅಡಿಗೆಮನೆಯಲ್ಲಿರುವ ಬರ್ಫದ ಪೆಟ್ಟಿಗೆಯ ಬಳಕೆ, ಜೋಪಾನ, ದುರಸ್ತಿ ಹಾಗೂ ಪಟ್ಟೇವಾಲ (ಜವಾನ) ಗವಿಸಿದ್ದಪ್ಪನ ನೌಕರಿ ಕುರಿತು.

ಉಲ್ಲೇಖ:
1) ತಾ. 12ರಂದು ತಪಾಸಣೆಗೆ ಬಂದ ಮೇಲಿನ ಕಚೇರಿಯ ಸಾಹೇಬರು ಬಿಸಿ ಶರಬತ್ತು ಕುಡಿದು ವ್ಯಕ್ತಪಡಿಸಿದ ಮೌಖಿಕ ಅಸಮಾಧಾನ.
2) ಪಟ್ಟೇವಾಲ ಗವಿಸಿದ್ದಪ್ಪನ ಸೊಂಟದ ಪಟ್ಟಾ ಮತ್ತು ಬಿಲ್ಲೆ ಜಮಾ ಮಾಡಿಕೊಂಡು ಅವನನ್ನು ಮನೆಗೆ ಕಳಿಸಿದ ಈ ಕಚೇರಿಯ ಆದೇಶ, ತಾ. 13.
3) ಸದರಿ ಆದೇಶದ ವಿರುದ್ಧ ಸಹಿದಾರರ ಮಾತೃಶ್ರೀಯವರ ತಕರಾರು, ತಾ. 13ರಿಂದ ಇಂದಿನವರೆಗೆ, ದಿನಕ್ಕೆ ಎರಡು ಬಾರಿ, ಊಟದ ಹೊತ್ತಿಗೆ.

ಪ್ರಸ್ತಾವನೆ: ಕೆಳಗೆ ಚಿಮಣಿ ಎಣ್ಣೆಯ (ಸೀಮೆಎಣ್ಣೆಯ) ದೀಪ ಉರಿದರೆ ಮೇಲೆ ನೀರು ಗಡ್ಡೆಗಟ್ಟಿ ಬರ್ಫ ಆಗುವ ಪೆಟ್ಟಿಗೆಯೊಂದು ಕಳೆದ ಮಾರ್ಚ್ ತಿಂಗಳಲ್ಲಿ ಹುಬ್ಬಳ್ಳಿಯಿಂದ ಲಾರಿಯಲ್ಲಿ ಬಂದಿರುತ್ತದೆ. ಕಚೇರಿಯ ನೆಲ ಸಮ ಇಲ್ಲದ ಕಾರಣ ಅದನ್ನು ಸಹಿದಾರರ ಮನೆಯಲ್ಲಿ ಇಡಲಾಗಿದೆ. ಮನೆಯ ನೆಲವೂ ಸಮ ಇಲ್ಲವೆಂದು ನಂತರ ತಿಳಿದುಬಂದಿದೆ. ಆದ್ದರಿಂದ ಎಲ್ಲ ಸಿಬ್ಬಂದಿಗೂ ರೋಣ, ನರಗುಂದ, ಗಜೇಂದ್ರಗಡ ಕಡೆಯ ಸಾರ್ವಜನಿಕರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಪೆಟ್ಟಿಗೆ ವಾಲಿದರೆ ಬರ್ಫ ಆಗುವುದಿಲ್ಲ. ಅದರ ನೆತ್ತಿಯ ಮೇಲೆ ಬಟ್ಟಲಲ್ಲಿ ನೀರಿಟ್ಟು ಸಮ ಇದೆಯೇ ಎಂದು ನೋಡತಕ್ಕದ್ದು. "ಕಣ್ಣಿಗೆ ಸರಿ ಕಾಣಸ್ತೈತಿ ಬಿಡ್ರಿ" ಎಂಬುದನ್ನು ಅಳತೆಯೆಂದು ಪರಿಗಣಿಸಲಾಗುವುದಿಲ್ಲ. ಸದ್ಯ ಎಡಗಾಲಿನ ಕೆಳಗೆ ಶಿರೋಳದ ಗ್ರಾಮಸ್ಥರ ಹಳೆಯ ಅರ್ಜಿಯೊಂದನ್ನು ಮಡಚಿ ಇಡಲಾಗಿದೆ. ಆ ಅರ್ಜಿ ಇತ್ಯರ್ಥವಾದಲ್ಲಿ ಅಷ್ಟೇ ದಪ್ಪದ ಬೇರೊಂದು ಅರ್ಜಿ ಇಡತಕ್ಕದ್ದು. ಅರ್ಜಿಗಳಿಗೆ ಕಚೇರಿಯಲ್ಲಿ ಬರಗಾಲವಿಲ್ಲ.

2. ಜ್ವಾಲೆ ನೀಲಿ ಇರತಕ್ಕದ್ದು. ಹಳದಿಯಾದರೆ ಮಸಿ ಹಿಡಿಯುತ್ತದೆ. ನೀಲಿ ಎಂದರೆ ಯಾವ ನೀಲಿ ಎಂಬ ಬಗ್ಗೆ ಇಬ್ಬರು ಗುಮಾಸ್ತರು ಮೂರು ದಿನ ಮಾತು ಬಿಟ್ಟಿದ್ದರಿಂದ, ಗಜೇಂದ್ರಗಡದ ನೇಕಾರ ಮುತ್ತಪ್ಪ ನೇಯ್ದ ಸೀರೆಯ ಅಂಚಿನ ಒಂದು ತುಂಡನ್ನು ಗೋಡೆಗೆ ಅಂಟಿಸಲಾಗಿದೆ. ಇನ್ನು ಮುಂದೆ ಅದೇ ನೀಲಿ. ಬತ್ತಿಯನ್ನು ವಾರಕ್ಕೊಮ್ಮೆ ಸಮನಾಗಿ ಕತ್ತರಿಸತಕ್ಕದ್ದು.

3. ಪೆಟ್ಟಿಗೆಯ ಬಾಗಿಲನ್ನು ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ತೆರೆಯಕೂಡದು. "ಬರ್ಫ ಆತೇನ ನೋಡೂಣು" ಎಂದು ನೋಡಿದರೆ ಆಗುವುದಿಲ್ಲವೆಂದು ಅನುಭವದಿಂದ ತಿಳಿದಿದೆ. ಬಿಸಿಲಿಗೆ ತಲೆಯನ್ನು ಒಳಗಿಟ್ಟು ನಿಲ್ಲುವ ಸಿಬ್ಬಂದಿಯ ದೇಹ ಮಾತ್ರ ಹೊರಗಿರುವುದರಿಂದ ಅಂಥವರಿಗೆ ಅರ್ಧ ದಿನದ ಹಾಜರಿ ಹಾಕಲಾಗುವುದು.

4. ತಾ. 2ರ ತಪಾಸಣೆಯಲ್ಲಿ ಪೆಟ್ಟಿಗೆಯೊಳಗೆ ಎರಡು ಮಲ್ಲಿಗೆ ದಂಡೆ, ಗುರೆಳ್ಳು ಚಟ್ನಿ ಹಾಗೂ ಗುಮಾಸ್ತ ಯಮನೂರಸಾಬರ ಟೊಪ್ಪಿಗೆ ದೊರೆತಿವೆ. ಟೊಪ್ಪಿಗೆಯನ್ನು ಹಿಂತಿರುಗಿಸಲಾಗಿದೆ. ಚಟ್ನಿ ವಿಲೇವಾರಿಯಾಗಿದೆ.

5. (ಮೊಸರು ಇಡಬಾರದೆಂಬ ಈ ಕಲಮನ್ನು ಮಾತೃಶ್ರೀಯವರು ಓದಿಸಿ ಕೇಳಿದ ಮೇಲೆ ಕೈಬಿಡಲಾಗಿದೆ.)

6. ಗಡ್ಡೆ ತೆಗೆಯಲು ತಟ್ಟೆಯ ಬೆನ್ನಿಗೆ ತುಸು ನೀರು ಹಾಕಿದರೆ ಸಾಕು. ಕುಡಗೋಲು ಹಾಕಕೂಡದು. ಒಳಗೋಡೆಗೆ ಹೆಬ್ಬೆರಳ ದಪ್ಪ ಬರ್ಫ ಕಟ್ಟಿದಾಗ ದೀಪ ಶಾಂತ ಮಾಡಿ, ಬಾಗಿಲು ತೆರೆದಿಟ್ಟು, ತಾನಾಗಿ ಕರಗುವವರೆಗೆ ಕಾಯತಕ್ಕದ್ದು. ಕಾಯುವುದು ಈ ಕಚೇರಿಗೆ ಹೊಸ ಕೆಲಸವಲ್ಲ.

7. ಬರ್ಫದ ಗುಣ ಕರಗುವುದು. ನರಗುಂದದ ಕಾಶೀಂಸಾಬರು ನಾಲ್ಕು ಗಡ್ಡೆಗಳನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿ ಚಕ್ಕಡಿಯಲ್ಲಿ ಒಯ್ದು, ಊರು ಮುಟ್ಟಿ ಬಿಚ್ಚಿದಾಗ ಬರೀ ಒದ್ದೆ ವಲ್ಲಿ ಸಿಕ್ಕಿದ್ದರಿಂದ ಚಕ್ಕಡಿ ಹೊಡೆದವನ ಮೇಲೆ ಕಳವಿನ ಫಿರ್ಯಾದಿ ಕೊಟ್ಟಿರುತ್ತಾರೆ. ಫಿರ್ಯಾದಿಯನ್ನು ವಲ್ಲಿಯ ಸಮೇತ ಮರಳಿಸಲಾಗಿದೆ.

8. ಎಣ್ಣೆಯ ವಿಷಯ. ಏಪ್ರಿಲ್ ಕೊನೆಯ ವಾರ ಗಜೇಂದ್ರಗಡದ ಮಗ್ಗದ ಮನೆಯ ಚೌಡವ್ವ ಎಂಬ ಹೆಣ್ಣುಮಗಳು ಜ್ವರದಿಂದ ಸುಡುತ್ತಿದ್ದ ಮಗಳು ಬನಶಂಕರಿಯನ್ನು ಎತ್ತಿಕೊಂಡು ಇಲ್ಲಿನ ದವಾಖಾನೆಗೆ ಬಂದಿದ್ದಳು. ಹಣೆಗೆ ತಣ್ಣೀರ ಪಟ್ಟಿ ಹಾಕಬೇಕೆಂದು ದಾಕ್ತರರು ಹೇಳಿದಾಗ, ಪಟ್ಟೇವಾಲ ಗವಿಸಿದ್ದಪ್ಪನು ಯಾರ ಮಂಜೂರಾತಿಯೂ ಇಲ್ಲದೆ ಆರು ಗಡ್ಡೆ ಬರ್ಫ ಕೊಟ್ಟಿರುತ್ತಾನೆ. ಜ್ವರ ಇಳಿಯಿತು. ಮರುದಿನ ಚೌಡವ್ವ ಬಂದು, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಅದರ ದೀಪಕ್ಕೆ ಒಂದು ಚಮಚ ಕುಸುಬಿ ಎಣ್ಣೆ ಹಾಕಿ ಕೈಮುಗಿದು ಹೋದಳು. ಅವಳ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಕೆಳಗ ಬೆಂಕಿ, ಮ್ಯಾಲ ಬರ್ಫ. ಹಗಲೂ ರಾತ್ರಿ ಆರದ ದೀಪ. ಇದು ದೇವರಲ್ಲದ ಮತ್ತೇನ್ರಿ? ದೇವರ ಕಡೆ ಬರಿಗೈಲೆ ಹೋಗ್ತಾರೇನ್ರಿ?" ಈ ಎರಡು ಪ್ರಶ್ನೆಗಳಿಗೆ ಉತ್ತರ ಕೋರಿ ಮೇಲಿನ ಕಚೇರಿಗೆ ಬರೆಯಲಾಗಿದೆ. ಉತ್ತರ ಬಂದಿಲ್ಲ.

ಆಮೇಲೆ ಸವಡಿಯಿಂದ ತಲೆನೋವಿನವರು, ಅಬ್ಬಿಗೇರಿಯಿಂದ ಮೊಣಕಾಲು ಬಾತ ಎತ್ತು ಹಾಗೂ ಅದರ ಯಜಮಾನ ಬಂದರು. ಬಂದವರೆಲ್ಲ ಚಮಚ ಎಣ್ಣೆ ಹಾಕಿದರು. ಎತ್ತಿನ ಪರವಾಗಿ ಎರಡು ಚಮಚ ಬಿದ್ದಿದೆ. ಜ್ವಾಲೆ ದಿನದಿನಕ್ಕೆ ಹಳದಿಯಾಗುತ್ತ ಬಂತು. ತಾ. 12ರ ಬೆಳಿಗ್ಗೆ ಯಾರೋ ಒಂದು ಗಿಂಡಿ ತುಂಬ ಎಣ್ಣೆ ಸುರಿದಿದ್ದಾರೆ. ಅಡಿಗೆಮನೆ ಕಪ್ಪಾಯಿತು, ಬರ್ಫ ಆಗಲಿಲ್ಲ, ಮೇಲಿನ ಸಾಹೇಬರ ಶರಬತ್ತು ಹೇಗಿತ್ತೋ ಹಾಗೇ ಉಳಿಯಿತು.

9. ಕೆಟ್ಟಾಗ ಮಾಡತಕ್ಕದ್ದು. ಹುಬ್ಬಳ್ಳಿಯ ಮಿಸ್ತ್ರಿ ಮದರಸಾಬರ ಪತ್ರದ ಪ್ರಕಾರ ಎಣ್ಣೆಯನ್ನೆಲ್ಲ ಚೆಲ್ಲಿ, ಹೊಗೆಕೊಳವೆಯ ಮಸಿ ತೆಗೆದು, ಹೊಸ ಬತ್ತಿ ಹಾಕಿ, ಪೆಟ್ಟಿಗೆಯನ್ನು ಒಂದು ಹಗಲು ತಲೆಕೆಳಗೆ ನಿಲ್ಲಿಸಿ, ಮತ್ತೆ ನೆಟ್ಟಗೆ ಮಾಡಿ, ಒಂದು ದಿನ ತಡೆದು ದೀಪ ಹಚ್ಚತಕ್ಕದ್ದು. ಅದರಂತೆ ಮಾಡಲಾಗಿ ನಿನ್ನೆ ಬರ್ಫ ಆಗಿದೆ. ಇದೇ ಉಪಾಯವನ್ನು ಸಿಬ್ಬಂದಿಯ ಮೇಲೂ ಮಾಡಿ ನೋಡಬೇಕೆಂಬ ಸೂಚನೆ ಬಂದಿದ್ದು, ಪರಿಶೀಲನೆಯಲ್ಲಿದೆ.

10. ಹರಕೆಯ ಎಣ್ಣೆಯನ್ನು ಬೇಡವೆನ್ನುವ ಅಧಿಕಾರ ಈ ಕಚೇರಿಗೆ ಇಲ್ಲ. ಆದ್ದರಿಂದ ಪೆಟ್ಟಿಗೆಯ ಪಕ್ಕದ ಗೋಡೆಯ ಗೂಡಿನಲ್ಲಿ ಬೇರೊಂದು ಹಣತೆಯನ್ನು ಇಡಲಾಗಿದ್ದು, ಕುಸುಬಿ ಎಣ್ಣೆಯನ್ನು ಅದಕ್ಕೇ ಹಾಕತಕ್ಕದ್ದು. ಪೆಟ್ಟಿಗೆಯ ದೀಪಕ್ಕೆ ಚಿಮಣಿ ಎಣ್ಣೆಯೊಂದೇ. ಬರ್ಫವನ್ನು ಮೊದಲು ಜ್ವರದವರಿಗೆ, ಉಳಿದರೆ ಎತ್ತಿಗೆ, ಆಮೇಲೆ ತಪಾಸಣೆಗೆ ಬರುವ ಸಾಹೇಬರಿಗೆ ಕೊಡತಕ್ಕದ್ದು.

11. ಪಟ್ಟೇವಾಲನ ವಿಷಯ. ತಾ. 13ರಂದು ವಿಚಾರಿಸಿದಾಗ ಗವಿಸಿದ್ದಪ್ಪನು ಕೊಟ್ಟ ಹೇಳಿಕೆ: "ಗಿಂಡಿ ಎಣ್ಣಿ ನಾನ ಹಾಕೇನ್ರಿ ಸಾಹೇಬ್ರ. ಬ್ಯಾರೆ ಯಾರ್ದೂ ತಪ್ಪಿಲ್ರಿ. ಮನ್ಯಾಗ ಯಾರನ್ನೂ ಕೇಳಬ್ಯಾಡ್ರಿ." ಕೊನೆಯ ಮಾತಿನ ಅರ್ಥ ಆಗ ಕಚೇರಿಗೆ ಹೊಳೆಯಲಿಲ್ಲ. ಹನ್ನೊಂದು ವರ್ಷ ನೌಕರಿ ಮಾಡಿದವನ ಪಟ್ಟಾ ಬಿಚ್ಚಿಸಿಕೊಳ್ಳಲಾಯಿತು.

ಕಚೇರಿಯ ಕಾರಣಗಳನ್ನು ಮನೆಯಲ್ಲಿ ಹೇಳುವ ಪದ್ಧತಿ ಇಲ್ಲದ್ದರಿಂದ ಹೇಳಿರಲಿಲ್ಲ. ನಿನ್ನೆ ಊಟಕ್ಕೆ ಕುಳಿತಾಗ ಹೇಳಬೇಕಾಯಿತು. ಕೂಡಲೇ ಮಾತೃಶ್ರೀ ಸುಶೀಲವ್ವನವರು ಕೊಟ್ಟ ಹೇಳಿಕೆ: "ಎಣ್ಣಿ ಸುರಿದಾಕಿ ನಾನ. ನಿಮ್ಮ ಸಾಹೇಬ ಬರ್ತಾನ, ದೀಪ ಸಣ್ಣಗಾಗೇತಿ, ನನ್ನ ಮಗನ ಮರ್ಯಾದಿ ಹೋಗಬಾರದಂತ ಸುರಿದೆ. ಗವಿಸಿದ್ದ ಬ್ಯಾಡ್ರಿ ಯವ್ವಾ ಅಂದ, ನಾನ ಕೇಳಲಿಲ್ಲ. ಅವನ ಪಟ್ಟಾ ಯಾಕ ಕಸಗೊಂಡಿ? ಕಸಗೋಳೂದಿದ್ರ ನನ್ನ ಸವಟ ಕಸಗೋ." ಸವಟನ್ನು ಜಮಾ ಮಾಡಿಕೊಳ್ಳುವ ಧೈರ್ಯ ಸಹಿದಾರರಿಗೆ ಆಗಿಲ್ಲ.

12. ಆದ ಕಾರಣ ತಾ. 13ರ ಆದೇಶವನ್ನು ಈ ಮೂಲಕ ರದ್ದುಪಡಿಸಲಾಗಿದೆ. ಪೆಟ್ಟಿಗೆಯೂ ತಪ್ಪೂ ಸಹಿದಾರರ ಮನೆಯವೇ ಎಂದು ದಾಖಲಿಸಲಾಗಿದೆ. ಒಳ್ಳೆಯ ಮನುಷ್ಯನೊಬ್ಬನಿಗೆ ಅನ್ಯಾಯ ಮಾಡಿದ್ದಕ್ಕೆ ಸಹಿದಾರರಿಗೆ ನಾಚಿಕೆಯಾಗಿದೆ. ನಾಚಿಕೆಗೆ ನಿಗದಿತ ನಮೂನೆ ಇಲ್ಲವಾದ್ದರಿಂದ ಇಲ್ಲಿಯೇ ಬರೆಯಲಾಗಿದೆ.

(ಸಹಿ)
ವಿ. ಬ. ಅಬ್ಬಿಗೇರಿ
ಅಧಿಕಾರಿ, ರೋಣ

ಪ್ರತಿಗಳು:
1. ಮೇಲಿನ ಸಾಹೇಬರಿಗೆ, ಶರಬತ್ತಿನ ಸಂಗತಿ ಇತ್ಯರ್ಥವಾಗಿದೆ ಎಂಬ ಅರಿಕೆಯೊಂದಿಗೆ.
2. ಗುಮಾಸ್ತ ಯಮನೂರಸಾಬರಿಗೆ, ಕಲಂ 4ರ ಬಗ್ಗೆ ಬೇಸರ ಮಾಡಿಕೊಳ್ಳಬಾರದೆಂಬ ಸೂಚನೆಯೊಂದಿಗೆ.
3. ಗಜೇಂದ್ರಗಡದ ಚೌಡವ್ವನಿಗೆ. ಓದಿ ಹೇಳತಕ್ಕದ್ದು. ಮಗುವಿನ ಕ್ಷೇಮ ಕೇಳಿ ಬರತಕ್ಕದ್ದು.
4. ಮಾತೃಶ್ರೀ ಸುಶೀಲವ್ವನವರಿಗೆ, ರಾತ್ರಿಯ ಊಟಕ್ಕೆ ಮುಂಚಿತವಾಗಿ.
5. ಪಟ್ಟೇವಾಲ ಗವಿಸಿದ್ದಪ್ಪನವರಿಗೆ, ಪಟ್ಟಾ ಮತ್ತು ಬಿಲ್ಲೆಯ ಸಮೇತ. ಇವರು ಸದ್ಯ ಸವಡಿಯ ಹೊಲವೊಂದರಲ್ಲಿ ಕೂಲಿಗೆ ಹೋಗುತ್ತಿರುವುದಾಗಿ ತಿಳಿದುಬಂದಿದೆ. ಟಪಾಲು ಒಯ್ಯಲು ಕಚೇರಿಯಲ್ಲಿ ಬೇರೆ ಪಟ್ಟೇವಾಲ ಇಲ್ಲವಾದ್ದರಿಂದ ಸಹಿದಾರರೇ ನಡೆದು ಹೋಗಿ ಕೊಡತಕ್ಕದ್ದು.