ಅಳತೆಗೆ ಒಂದು ಹುಲ್ಲುಕಡ್ಡಿ

ಹೆಂಡತಿಗೆ ಬೂಟು ತರಲು ಹೆಂಡತಿಯೇ ಬರಬೇಕೇ? ಅವಳ ಕಾಲಿನ ಅಳತೆ ಸಾಕು! ಒಲೆಯ ಮುಂದೆ ನಿಂತು ಹೀಗೆ ಎದೆಯುಬ್ಬಿಸಿ ಘೋಷಿಸಿದ ಮಹಾಪುರುಷ ನಾನೇ, ಟೈಗ್.

ಭಾನುವಾರ ನಾದಿನಿಯ ಮಗುವಿಗೆ ದೀಕ್ಷಾಸ್ನಾನ. ನನ್ನ ಸೋರ್ಖಾ ಜ್ಞಾನತಾಯಿ. ಊರೆಲ್ಲ ನೋಡುತ್ತಿರುವಾಗ ಮಗುವನ್ನು ಎತ್ತಿಕೊಂಡು ನಿಲ್ಲುವವಳು. ಹುಟ್ಟಿದಾಗಿನಿಂದ ಬರಿಗಾಲಲ್ಲೇ ನಡೆದವಳಿಗೆ ಇದೇ ಮೊದಲ ಬೂಟು.

"ರೀ, ನಾನೂ ಸಂತೆಗೆ ಬರ್ತೀನಿ. ಕಾಲು ನಂದಲ್ವಾ?"

"ಹತ್ತು ಮೈಲಿ ಯಾಕೆ ಸವೆಸ್ತೀಯೆ? ಕಾಲು ಇಲ್ಲಿಡು!"

ಓಟ್ಸ್ ಹುಲ್ಲಿನ ಕಡ್ಡಿಯೊಂದನ್ನು ಅವಳ ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಹಿಡಿದು, ಕತ್ತರಿಸಿ, ಟೋಪಿಗೆ ಸಿಕ್ಕಿಸಿಕೊಂಡು ಹೊರಟೆ.

ದಾರಿಯುದ್ದಕ್ಕೂ ಒಂದೇ ಚಿಂತೆ. ಮಳೆ ಬಂದರೆ? ಬೂಟೆಲ್ಲ ಖರ್ಚಾಗಿಬಿಟ್ಟಿದ್ದರೆ? ಚಿಂತೆ ಹತ್ತಿದರೆ ನನ್ನ ಹಲ್ಲಿಗೆ ಏನಾದರೂ ಕೆಲಸ ಬೇಕು!

"ಅಳತೆ ಕೊಡಪ್ಪಾ," ಎಂದ ಬೂಟು ಹೊಲಿಯುವ ಮುರ್ತಾ. ಬಾಯಿಂದ ತೆಗೆದು ಕೊಟ್ಟೆ.

"ಇದೇನೋ, ನಿನ್ನ ಹೆಂಡ್ತಿದು ಗುಬ್ಬಿ ಕಾಲಾ?"

"ರಾಣಿ ಪಾದ ಕಣಯ್ಯಾ!" ಎಂದು ಮೀಸೆ ತಿರುವಿದೆ.

ಮನೆಯಲ್ಲಿ ಅವಳು ಕಾಲು ತೂರಿಸಿದಳು. ನಾನು ಬೂಟು ಒತ್ತಿದೆ. ಇಬ್ಬರೂ ಬೆವರಿದೆವು. ಹಿಮ್ಮಡಿ ಹೊರಗೇ ಉಳಿಯಿತು!

"ರೀ, ಆ ಕಡ್ಡಿ ತನ್ನಿ." ಪಾದದ ಪಕ್ಕ ಇಟ್ಟಳು. ಎರಡು ಬೆರಳು ಗಿಡ್ಡ. ತುದಿ ನುರಿದು ಒದ್ದೆಯಾಗಿತ್ತು. "ಮಿಕ್ಕಿದ್ದೆಲ್ಲಿ?"

ನಾನು ಹೊಟ್ಟೆ ಮುಟ್ಟಿಕೊಂಡೆ.

ಬೈದಿದ್ದರೆ ಸಹಿಸುತ್ತಿದ್ದೆ. ಅವಳ ಕಣ್ಣು ತುಂಬಿಬಂತು. "ನಾಳೆ ಅಷ್ಟು ಜನರೆದುರು ಬರಿಗಾಲಲ್ಲಿ ನಿಲ್ಲಲಾ?"

ಭಾನುವಾರ ಎಲ್ಲರೂ ಎಂದಿನಂತೆ ಸವೆಯದಿರಲೆಂದು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದು, ಚರ್ಚಿನ ಹತ್ತಿರದ ಹಳ್ಳದಲ್ಲಿ ಕಾಲು ತೊಳೆದು ಬೂಟು ಹಾಕಿಕೊಂಡರು. ಸೋರ್ಖಾ ತನ್ನ ಹೊಸ ಬೂಟು ನನ್ನ ಕಂಕುಳಿಗೆ ತುರುಕಿ ಕೈ ಚಾಚಿದಳು.

"ನಿಮ್ಮದು ಕೊಡಿ!"

ನನ್ನ ಮೊಳೆ ಬಡಿದ ಬೂಟಿಗೆ ಹುಲ್ಲು ತುರುಕಿ, ಲಂಗ ಇಳಿಬಿಟ್ಟು ರಾಣಿಯಂತೆ ಒಳಗೆ ನಡೆದಳು. ಟಕ್! ಟಕ್! ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ ತಿರುಗಿ ನೋಡಿದರು. ಆದರೆ ಮಗು ಅವಳ ತೋಳಲ್ಲಿ ನಕ್ಕಿತು, ಅವಳೂ ನಕ್ಕಳು. ನಾನು ಬರಿಗಾಲಲ್ಲಿ ಬಾಗಿಲ ಸಂದಿಯಲ್ಲಿ, ಕಂಕುಳಲ್ಲಿ ಹೊಸ ಬೂಟು ಅವುಚಿಕೊಂಡು ನಿಂತಿದ್ದೆ.

ಪಕ್ಕದ ಮುದುಕಿ ಪಿಸುಗುಟ್ಟಿದಳು: "ಮಗೂಗೆ ಉಡುಗೊರೆನಾ ಟೈಗ್? ಸ್ವಲ್ಪ ದೊಡ್ಡದಾಯ್ತೇನೋ!"

ಮುಂದಿನ ಸಂತೆಗೆ ಬೂಟು ಬದಲಿಸಲು ಹೊರಟಾಗ ಟೋಪಿಯಲ್ಲಿ ಕಡ್ಡಿ ಇರಲಿಲ್ಲ. ಸೋರ್ಖಾ ಒಲೆಯ ಕಬ್ಬಿಣದ ಇಕ್ಕಳಕ್ಕೆ ಸುಣ್ಣದ ಗುರುತು ಹಾಕಿ ನನ್ನ ಹೆಗಲಿಗೇರಿಸಿದಳು.

"ಅಳತೆ ಇದರ ಮೇಲಿದೆ. ದಾರೀಲಿ ಚಿಂತೆಯಾದ್ರೆ ಅಗೀರಿ!"