ಟಿವಿಗೆ ಬೆನ್ನು ಹಾಕಿದ ಅಭಿಮಾನಿ

ಇಡೀ ಚಾಮರಾಜಪೇಟೆಯಲ್ಲಿ ನಮ್ಮತ್ತೆಯಷ್ಟು ಕ್ರಿಕೆಟ್ ಹುಚ್ಚಿನವರು ಇನ್ನೊಬ್ಬರಿಲ್ಲ. ಮನೆಯಲ್ಲಿ ಟಿವಿ ಇಟ್ಟುಕೊಂಡೂ ಒಂದು ಪಂದ್ಯವನ್ನೂ ಕಣ್ಣಾರೆ ನೋಡದವರೂ ಇನ್ನೊಬ್ಬರಿಲ್ಲ! ಎರಡೂ ಹೇಗೆ ನಿಜವಾಗುತ್ತವೆ ಎಂದು ಕೇಳುತ್ತೀರಾ? ನನ್ನ ಡೈರಿ ಪಕ್ಕದಲ್ಲೇ ಇದೆ, ದಿನ ವಾರ ಸಮೇತ ಹೇಳಬಲ್ಲೆ. ಆದರೆ ಆ ದಿನಗಳನ್ನು ನೆನೆದರೆ ಈಗಲೂ ಸೊಂಟ ನೋಯುತ್ತದೆ, ಆದ್ದರಿಂದ ಮುಖ್ಯವಾದದ್ದಷ್ಟೇ ಹೇಳುತ್ತೇನೆ.

ಅತ್ತೆ ಅಪ್ಪನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ನಿವೃತ್ತರಾದವರು. 'ಹಲೋ' ಎಂದ ದನಿಯಲ್ಲೇ ಆ ಕಡೆಯವರ ಮನೆಯಲ್ಲಿ ಮದುವೆಯೋ ಸಾವೋ ಹೇಳಿಬಿಡುತ್ತಿದ್ದರಂತೆ. ಈಗ ಆ ವಿದ್ಯೆಯೆಲ್ಲ ಕ್ರಿಕೆಟ್ ಕಾಮೆಂಟರಿಗೆ ಮೀಸಲು. ಪಂದ್ಯ ಶುರುವಾಯಿತೆಂದರೆ ಅವರು ಅಡುಗೆಮನೆಯಲ್ಲಿ ಟಿವಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂರುತ್ತಾರೆ. ಯಾಕೆಂದರೆ ಅವರು ನೋಡಿದರೆ ನಮ್ಮವರು ಔಟಾಗುತ್ತಾರೆ!

"ಏನಾಯ್ತೇ?" ಎಂದು ಒಳಗಿಂದ ಕೂಗು.

"ಏನೂ ಆಗಿಲ್ಲ ಅತ್ತೆ, ಆಡ್ತಿದಾರೆ."

"ಹಂಗಾದ್ರೆ ಯಾರೂ ಅಲ್ಲಾಡ್ಬೇಡಿ."

ಅಲ್ಲಾಡುವಂತಿಲ್ಲ. ಜೊತೆಯಾಟ ಕುದುರಿತೆಂದರೆ ಕೂತವರು ಕೂತಲ್ಲೇ. ಅಮ್ಮ ಒಮ್ಮೆ ಅರ್ಧ ಮಡಚಿದ ಸೀರೆಯನ್ನು ಎದೆಗೆ ಒತ್ತಿಕೊಂಡು ಇಡೀ ಮಧ್ಯಾಹ್ನ ನಿಂತಿದ್ದಳು. ಎದುರುಮನೆಯ ರಾಯರು ಪೇಪರು ಕೇಳಲು ಬಂದು ಒಂದು ಚಪ್ಪಲಿ ಬಿಟ್ಟ ಗಳಿಗೆಯಲ್ಲೇ ಫೋರ್ ಬಿತ್ತು.

"ರಾಯ್ರೇ, ಅಲ್ಲೇ ನಿಂತ್ಕೊಳಿ!"

"ಇನ್ನೊಂದು ಚಪ್ಪಲಿ ಬಿಡ್ಬೇಕಲ್ಲಮ್ಮಾ?"

"ಬಿಟ್ರೆ ವಿಕೆಟ್ ಬೀಳತ್ತೆ. ನಿಮ್ಮಿಷ್ಟ."

ಪಾಪ, ರಾಯರು ದೇಶಭಕ್ತರು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಹೊಸ್ತಿಲ ಮೇಲೇ ಕಾಫಿ ಕುಡಿದರು. ಪಂದ್ಯ ಗೆದ್ದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಬಂದು, "ಇನ್ನು ಏಳ್ಬಹುದು" ಎಂದು ಅಪ್ಪಣೆ ಕೊಟ್ಟರೆ ಮಾತ್ರ ನಮಗೆಲ್ಲ ಬಿಡುಗಡೆ. ರಾಯರು ನಿಂತೇ ಇದ್ದರಲ್ಲ, ಅವರು ಕೂತರು.

ನಾನು ವಿಜ್ಞಾನ ಓದುತ್ತಿದ್ದವಳು. ಈ ಮೂಢನಂಬಿಕೆಯನ್ನು ಬಯಲು ಮಾಡಿಯೇ ತೀರುವೆನೆಂದು ಅತ್ತೆ ಅಕಸ್ಮಾತ್ತಾಗಿ ಟಿವಿ ಕಡೆ ತಿರುಗಿದಾಗಲೆಲ್ಲ ಡೈರಿಯಲ್ಲಿ ಗೀಟು ಎಳೆಯತೊಡಗಿದೆ. ಒಂದು ಸೀಸನ್ ಪೂರ್ತಿ ಎಳೆದೆ. ಫಲಿತಾಂಶವನ್ನು ಇಲ್ಲಿ ಕೊಡುವುದಿಲ್ಲ. ವಿಜ್ಞಾನಕ್ಕೆ ಅವಮಾನವಾಗುತ್ತದೆ.

ಇಷ್ಟರಲ್ಲಿ ಅಪ್ಪನ ಎದೆನೋವು ಜಾಸ್ತಿಯಾಗಿ, ಡಾಕ್ಟರು ಬೈಪಾಸ್ ಮಾಡಲೇಬೇಕೆಂದರು. ಅಪ್ಪ ಹೆದರಿದವರಂತೇನೂ ಕಾಣಲಿಲ್ಲ. ಒಂದು ಸಂಜೆ ಮಾತ್ರ ಮೆಲ್ಲಗೆ, "ಅಕ್ಕಾ, ಹುಡುಗನಾಗಿದ್ದಾಗ ಸ್ಟೇಡಿಯಂ ಗೋಡೆ ಹೊರಗೆ ನಿಂತು ಬರೀ ಗಲಾಟೆ ಕೇಳಿಸ್ಕೊಂಡು ಬರ್ತಿದ್ದೆ ನೋಡು. ಆಪರೇಷನ್‌ಗೆ ಮುಂಚೆ ಒಂದ್ಸಲ ಒಳಗೆ ಕೂತು ನೋಡ್ಬೇಕು" ಎಂದರು. ಬಿಸಿಲಲ್ಲಿ ಕೂರುವಂತಿಲ್ಲ, ನೂಕುನುಗ್ಗಲು ಆಗದು. ನೆರಳಿನ ಸೀಟು ನಮ್ಮಂಥವರಿಗೆ ಯಾರು ಕೊಡುತ್ತಾರೆ?

ತಂಡದ ಪ್ರಾಯೋಜಕರಾದ ಒಂದು ತಂಪು ಪಾನೀಯದ ಕಂಪನಿ ಕೊಡುತ್ತಿತ್ತು! 'ನಿಮ್ಮ ಮನೆಯ ಅತಿ ದೊಡ್ಡ ಅಭಿಮಾನಿಯ ಬಗ್ಗೆ ಒಂದು ಕಾರ್ಡು ಬರೆಯಿರಿ. ಆಯ್ಕೆಯಾದವರು ನಮ್ಮ ಪ್ರಚಾರದ ವಿಡಿಯೋದಲ್ಲಿ ಬರುತ್ತಾರೆ, ನೆರಳಿನಲ್ಲಿ ಎರಡು ಸೀಟು ಉಚಿತ.' ನಮ್ಮತ್ತೆ ಒಂದು ಪಂದ್ಯವನ್ನೂ ತಪ್ಪಿಸಿಲ್ಲ ಎಂದು ಬರೆದೆ. ನೋಡಿಲ್ಲ ಎಂದು ಬರೆಯಲು ಕಾರ್ಡಿನಲ್ಲಿ ಜಾಗವಿರಲಿಲ್ಲ.

ಆಯ್ಕೆಯೂ ಆಯಿತು. "ನಾನ್ಯಾಕೆ ಟಿವೀಲಿ ಬರ್ಲಿ?" ಎಂದು ಅತ್ತೆ ಮೊದಲು ಮುಖ ಗಂಟಿಕ್ಕಿದರು. ಸೀಟು ಯಾರಿಗೆಂದು ಹೇಳಿದ ಮೇಲೆ ಎದ್ದುಹೋಗಿ ಟ್ರಂಕಿನಿಂದ ಮೈಸೂರು ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದರು.

ಶೂಟಿಂಗು ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರದ ಒಂದು ಷೆಡ್ಡಿನಲ್ಲಿ. ಬೆಳಗಿನ ಆರಕ್ಕೆ ವ್ಯಾನು ಬಂತು. ನಮ್ಮ ಮನೆಯಿಂದ ಮೈಸೂರು ರಸ್ತೆ ಎರಡು ಹೆಜ್ಜೆ. ವ್ಯಾನು ಹೋದದ್ದು ಉಲ್ಟಾ ದಿಕ್ಕಿನ ಮಲ್ಲೇಶ್ವರಕ್ಕೆ! ಅಲ್ಲಿಯ ಅಭಿಮಾನಿ ಇನ್ನೂ ಸ್ನಾನ ಮಾಡುತ್ತಿದ್ದರು. ಕಾದೆವು. ಅಲ್ಲಿಂದ ಬಸವನಗುಡಿಗೆ. ಅಲ್ಲಿಯ ಅಭಿಮಾನಿ ಪೂಜೆ ಮುಗಿಸಿರಲಿಲ್ಲ. ಕಾದೆವು. ಬಿಸಿಲೇರಿದ ಮೇಲೆ ವ್ಯಾನು ಮೈಸೂರು ರಸ್ತೆಗೆಂದು ತಿರುಗಿ ಎಲ್ಲಿ ಹಾದುಹೋಯಿತು ಹೇಳಿ? ನಮ್ಮ ಮನೆ ಮುಂದೆ! ಗೇಟಿನ ಬಳಿ ನಿಂತಿದ್ದ ಅಪ್ಪ ಹಲ್ಲುಜ್ಜುತ್ತಲೇ ಕೈಯೆತ್ತಿ, "ಇಷ್ಟು ಬೇಗ ಮುಗೀತಾ ಅಕ್ಕಾ?" ಎಂದರು.

ಷೆಡ್ಡಿನೊಳಗೆ ಸುಳ್ಳು ಮನೆಯೊಂದನ್ನು ಕಟ್ಟಿದ್ದರು. ಕಿಟಕಿಯಿತ್ತು, ಆಚೆ ಏನೂ ಇರಲಿಲ್ಲ. ಲೋಟಗಳಿದ್ದವು, ಕಾಫಿ ಇರಲಿಲ್ಲ. ಯಾರೋ ಬಂದು ಅತ್ತೆಯ ಮುಖಕ್ಕೆ ಪೌಡರು ಬಳಿದು ಹೋದರು, ಅದು ಬೆವರಿಗೆ ಇಳಿಯಿತು, ಮತ್ತೆ ಬಳಿದರು. ಬಳಿದದ್ದು ಇಳಿಯುವುದು, ಇಳಿದದ್ದು ಬಳಿಯುವುದು, ಹೀಗೆ ಮಧ್ಯಾಹ್ನವಾಯಿತು. ನಾನು ಲೈಟಿನ ವೈರುಗಳ ನಡುವೆ ಸ್ಟೂಲಿನ ಮೇಲೆ ತೂಕಡಿಸಿದೆ. ಕೊನೆಗೆ ನಮ್ಮ ಸರದಿ ಬಂತು. ನಿರ್ದೇಶಕ ಟೋಪಿ ಹಿಂದುಮುಂದಾಗಿ ಹಾಕಿಕೊಂಡ ಹುಡುಗ.

"ಅಜ್ಜಿ, ಸಿಂಪಲ್. ಟಿವಿ ನೋಡ್ತಿರಿ. ಸಿಕ್ಸ್ ಹೊಡೀತಾನೆ. ನೀವು ಎದ್ದು ಕುಣೀಬೇಕು."

"ಕುಣೀತೀನಿ. ನೋಡಲ್ಲ."

"ಅಂದ್ರೆ?"

"ನಾನು ನೋಡಿದ್ರೆ ಔಟಾಗ್ತಾನಪ್ಪಾ."

ಹುಡುಗ ನನ್ನ ಕಡೆ ನೋಡಿದ. ನಾನು ಕಿಟಕಿಯಾಚೆಯ ಏನೂ ಇಲ್ಲದ್ದನ್ನು ನೋಡಿದೆ.

"ಅಜ್ಜಿ, ಇದು ಟೇಪು! ಹೋದ ವರ್ಷದ ಮ್ಯಾಚು. ಗೆದ್ದಾಗಿದೆ!"

"ಯಾಕೆ ಗೆದ್ವಿ ಗೊತ್ತಾ? ನಾನು ನೋಡ್ಲಿಲ್ಲ. ಈಗ ನೋಡಿ ಅದನ್ನೂ ಕೆಡಿಸ್ಬೇಕಾ?"

ಬೆನ್ನು ಹಾಕಿ ಕುಣಿದರು. ಆಗಲಿಲ್ಲ. ತಿರುಗಿ ಕಣ್ಣು ಮುಚ್ಚಿ ಕುಣಿದರು. ಟೀಪಾಯಿ ಮುರಿಯಿತು. ಸಂಜೆಯಾಗುತ್ತ ಬಂತು. ಕಂಪನಿಯ ಹೆಂಗಸೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, "ಶಾಟ್ ಇಲ್ಲ ಅಂದ್ರೆ ಟಿಕೆಟ್ ಇಲ್ಲಮ್ಮಾ, ಸಾರಿ" ಎಂದು ಪಿಸುಗುಟ್ಟಿದಳು. ಪಿಸುಮಾತು ಕೇಳಿಸದಿರಲು ಅತ್ತೆ ಏನು ಸಾಮಾನ್ಯ ಕಿವಿಯವರೇ?

"ನೆರಳಿನ ಸೀಟೇ ತಾನೇ?" ಎಂದು ಅಲ್ಲಿಂದಲೇ ಕೇಳಿದರು.

"ಹೂಂ ಅತ್ತೆ."

ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಯಾವುದೋ ದೇವರಿಗೆ ತುಟಿಯಲ್ಲೇ ಏನೋ ಹೇಳಿಕೊಂಡರು. ತಿರುಗಿದರು. ಕಣ್ಣು ಬಿಟ್ಟರು. ಸಿಕ್ಸ್! ಅತ್ತೆ ಜೀವನದಲ್ಲಿ ಮೊದಲ ಬಾರಿಗೆ ಚೆಂಡೊಂದು ಜನರ ನಡುವೆ ಹೋಗಿ ಬೀಳುವುದನ್ನು ನೋಡಿ, ಹೇಳಿಕೊಡದೆಯೇ, ಚಿಕ್ಕ ಹುಡುಗಿಯಂತೆ ಎರಡೂ ಕೈ ಬಾಯಿಗಿಟ್ಟು ಕಿರುಚಿದರು.

"ಕಟ್! ಸೂಪರ್ ಅಜ್ಜಿ!"

ಕ್ಯಾಮೆರಾ ನಿಂತಿತು. ಟೇಪು ನಿಲ್ಲಿಸಲು ಮಾತ್ರ ಎಲ್ಲರೂ ಮರೆತರು. ಮರುಚೆಂಡಿಗೇ ಅವನು ಬೌಲ್ಡ್!

ಅತ್ತೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು.

"ಅತ್ತೆ, ಅದು ಹೋದ ವರ್ಷವೇ ಆಗಿದ್ದು..."

"ಹೂಂ. ಯಾಕಾಯ್ತು ಅಂತ ಈಗ ಗೊತ್ತಾಯ್ತಲ್ಲ" ಎಂದು ಅತ್ತೆ ಕುಸಿದು ಕೂತರು. ಮೇಲೆ ದೀಪ ಹಿಡಿದಿದ್ದವನು ತಾನೂ ಮೆಲ್ಲಗೆ ಟಿವಿಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿಕೊಂಡದ್ದನ್ನು ನಾನು ಕಂಡೆ. ವಾಪಸು ಹೊರಟೆವು. ವ್ಯಾನು ಮತ್ತೆ ಮಲ್ಲೇಶ್ವರದ ಮೇಲೇ ಬಂತು.

ಅಪ್ಪ ನೆರಳಿನಲ್ಲಿ ಕೂತು ಪಂದ್ಯ ನೋಡಿದರು. ಪಕ್ಕದ ಸೀಟು ನನ್ನದು. ಅತ್ತೆ ಬಂದರೆ ನಾವು ಸೋಲುತ್ತಿದ್ದೆವಲ್ಲ! ನಡುವೆ ಅಪ್ಪ, "ಗಲಾಟೆ ಒಳಗಿಂದ ಬೇರೆ ಥರಾನೇ ಕೇಳ್ಸತ್ತೆ ಕಣೇ" ಎಂದರು. ನಾವು ಗೆದ್ದೆವು. ವಿಡಿಯೋ ಟಿವಿಯಲ್ಲಿ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬೆನ್ನು ಹಾಕಿ ಕೂತಿದ್ದರು. "ನೀವೇ ಬಂದ್ರಿ ಅತ್ತೆ!" ಎಂದು ಕೂಗಿದರೆ, "ಆಮೇಲೆ ಔಟಾಗಿದ್ದು ತೋರಿಸ್ಲಿಲ್ಲ ತಾನೇ?" ಎಂದರು.

ಆಪರೇಷನ್ ದಿನ ನೆಂಟರೆಲ್ಲ ಥಿಯೇಟರಿನ ಮುಚ್ಚಿದ ಬಾಗಿಲನ್ನೇ ನೋಡುತ್ತ ಸಾಲಾಗಿ ಕೂತಿದ್ದರು. ಅತ್ತೆ ಬಂದವರೇ ತಮ್ಮ ಕುರ್ಚಿಯನ್ನು ದರದರ ಎಳೆದು, ಗೋಡೆಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕೂತುಬಿಟ್ಟರು.

"ಒಡಹುಟ್ಟಿದ ತಮ್ಮ. ಈ ಕಡೆ ತಿರುಗೂ ನೋಡಲ್ವಲ್ಲ!" ಎಂದು ಯಾರೋ ಪಿಸುಗುಟ್ಟಿದರು.

ಅದೂ ಅತ್ತೆಗೆ ಕೇಳಿಸಿರಲೇಬೇಕು. ಅಲ್ಲಾಡಲಿಲ್ಲ.

ನಾನು ಎದ್ದೆ. ನನ್ನ ಕುರ್ಚಿಯನ್ನೂ ಎಳೆದು ಅವರ ಪಕ್ಕ ಹಾಕಿಕೊಂಡು ಗೋಡೆ ನೋಡುತ್ತ ಕೂತೆ. ಬಣ್ಣ ಎದ್ದ ಗೋಡೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಎಷ್ಟು ಹೊತ್ತು ಹಾಗೆ ಕೂತೆವೋ, ಅದೊಂದನ್ನು ನಾನು ಬರೆದಿಟ್ಟಿಲ್ಲ.

ಹಿಂದೆ ಬಾಗಿಲು ಕಿರುಗುಟ್ಟಿತು. ಕುರ್ಚಿಗಳು ಸರಿದವು.

"ಏನಾಯ್ತೇ?" ಎಂದು ಅತ್ತೆ ಗೋಡೆಗೆ ಕೇಳಿದರು.

ನಾನೇನು ಹೇಳಲಿ? ನಾನೂ ತಿರುಗಿರಲಿಲ್ಲವಲ್ಲ!

"ಯಾರಮ್ಮಾ ಪೇಷೆಂಟ್ ಕಡೆಯವರು..." ಎಂದು ಡಾಕ್ಟರ ದನಿ ಕೇಳಿಸಿತು. ಅವರು ಮುಂದಿನ ಮಾತು ಆಡುವ ಮೊದಲೇ, ಎಕ್ಸ್‌ಚೇಂಜಿನ ಆ ಕಿವಿಗೆ ಅಷ್ಟು ದನಿಯೇ ಸಾಕಾಯಿತೇನೋ, ನನ್ನ ಕೈಮೇಲಿನ ಹಿಡಿತ ಸಡಿಲಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಇನ್ನು ಏಳ್ಬಹುದು ಕಣೇ" ಎಂದರು.